ಹೊಸಕೆರೆಹಳ್ಳಿಯ ದ್ರಾಕ್ಷಿ, ಪೇಪರಿನ ವೈನು

ಪೇಪರಿನಲ್ಲಿ ವೈನಿನ ಸುದ್ದಿ ಬಂದ ದಿನ ಯಾರಾದರೂ ನನ್ನನ್ನು ಹುಡುಕಿಕೊಂಡು ಬರದೆ ಇರುತ್ತಿರಲಿಲ್ಲ. ಹೊಸಕೆರೆಹಳ್ಳಿಯಲ್ಲಿ ನಮಗೊಂದು ಪುಟ್ಟ ದ್ರಾಕ್ಷಿ ತೋಟವಿದ್ದದ್ದೇ ಅದಕ್ಕೆ ಕಾರಣ. ನಾನು ಜಯನಗರದ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ವೈನನ್ನು ಓದಿ ಬಲ್ಲೆನೇ ಹೊರತು ಕುಡಿದು ಬಲ್ಲವನಲ್ಲ.

ಜಮೀನು ಅತ್ತೆಯದು. ಬಳ್ಳಿ ನೆಟ್ಟವಳು ನನ್ನ ಹೆಂಡತಿ. ಅವಳು ತೀರಿಕೊಂಡ ವರ್ಷ ಮೊದಲ ಸಲ ನಾನೇ ಕತ್ತರಿ ಹಿಡಿದು ಬಳ್ಳಿ ಸವರಿದೆ. ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕಿತು. ಕೊಂದೇಬಿಟ್ಟೆ ಅಂದುಕೊಂಡೆ. ಆಮೇಲೆ ಆ ಒಣಕಡ್ಡಿಗಳೇ ಚಿಗುರಿ, ಚಪ್ಪರ ತುಂಬಿ, ಕಪ್ಪು ಗೊಂಚಲು ಇಳಿಬಿಟ್ಟವು. ಅದರ ಕೆಳಗೆ ನಿಂತು ಕತ್ತು ನೋಯುವವರೆಗೆ ಮೇಲೆ ನೋಡಿದೆ.

ಆದರೆ ಅವಳ ಅಣ್ಣ, ಅಂದರೆ ನನ್ನ ಭಾವ, ಈ ಬೆಳೆ ಮುಗಿದ ಮೇಲೆ ಬಳ್ಳಿ ಕೀಳಿಸಿ ಬಾಡಿಗೆ ಮನೆ ಕಟ್ಟಿಸುವುದೆಂದು ತೀರ್ಮಾನಿಸಿದ್ದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಹೃದಯಕ್ಕೆ ಒಳ್ಳೆಯದು

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ ಎಂದು ಒಂದು ದಿನ ಪೇಪರಿನಲ್ಲಿ ಬಂತು. ಅಷ್ಟು ದೂರದ ದೇಶದ ವಿಜ್ಞಾನಿಗಳು ನಮ್ಮ ಚಪ್ಪರದ ಹಣ್ಣಿನ ಬಗ್ಗೆ ಇಷ್ಟು ಯೋಚಿಸಿದ್ದಾರಲ್ಲ ಎಂದು ನನಗೆ ಬೆರಗು. ಹೆಡ್‌ಮಾಸ್ಟರು ನನ್ನನ್ನು ಕರೆಸಿ ಬಾಗಿಲು ಮುಚ್ಚಿದರು. ಯಾರೋ ದೂರು ಕೊಟ್ಟಿರಬೇಕೆಂದುಕೊಂಡು ನಾನು ನಿಂತೇ ಇದ್ದೆ.

ಅವರಿಗೆ ಬಿ.ಪಿ. ಇತ್ತು. ವೈನ್ ಮುಟ್ಟುವವರ ಮನೆತನವಲ್ಲ. ದನಿ ತಗ್ಗಿಸಿ ಕೇಳಿದರು: "ಮೇಷ್ಟ್ರೇ, ದ್ರಾಕ್ಷಿ ಚೆನ್ನಾಗಿ ತಿಂದು ಮಧ್ಯಾಹ್ನ ಬಿಸಿಲಲ್ಲಿ ಕೂತ್ರೆ, ಒಳಗೇ ಆಗಲ್ವಾ ಅದು?"

ಮರುದಿನ ಒಂದು ಚೀಲ ಹಣ್ಣು ತಂದುಕೊಟ್ಟೆ. ಆ ವಾರವಿಡೀ ಅವರು ಪಿ.ಟಿ. ಕ್ಲಾಸನ್ನು ಮೈದಾನದಲ್ಲೇ ಕೂತು ನೋಡಿದರು.

ಹಳೆಯದಾದಷ್ಟೂ

ಇನ್ನೊಂದು ಸಲ, ಪರದೇಶದಲ್ಲಿ ಮುತ್ತಾತನ ಕಾಲದ ಒಂದು ಬಾಟಲಿ ವೈನನ್ನು ಯಾರೋ ಆಸ್ತಿಯ ಬೆಲೆಗೆ ಕೊಂಡರೆಂದು ಸುದ್ದಿ. ಅವರು ಅದನ್ನು ಕುಡಿಯುವುದಿಲ್ಲವಂತೆ, ನೋಡುತ್ತಾರಂತೆ. ನಾನು ಅದನ್ನು ಭಾವನಿಗೆ ಓದಿ ಹೇಳಿದೆ. ದ್ರಾಕ್ಷಿಯ ಮೇಲೆ ಸ್ವಲ್ಪ ಗೌರವ ಬಂದೀತೆಂಬ ಆಸೆ.

ಇಟ್ಟಮಡುವಿನಲ್ಲಿ ಅವರಿಗೆ ಸಾಲು ಬಾಡಿಗೆ ಮನೆಗಳಿದ್ದವು. "ಅಲ್ಲಿ ಹಳೇದಾದಷ್ಟೂ ಬೆಲೆ ಏರುತ್ತೆ. ನಮ್ಮ ಮನೆ ಒಂಚೂರು ಹಳೇದಾದ್ರೆ ಸುಣ್ಣ ಹೊಡ್ಸಿ ಅಂತಾರೆ. ಆ ದೇಶದ ಬಾಡಿಗೆದಾರ್ರೇ ಒಳ್ಳೇವ್ರು" ಎಂದರು.

ಭರಣಿ

ಆ ವರ್ಷ ಹಣ್ಣು ಬೇಗ ಮಾಗಿತು. ಮೊದಲ ಗೊಂಚಲು ಶಿವರಾತ್ರಿಗೆ ಶಿವನಿಗೆ ಸಲ್ಲಬೇಕೆಂದು ಅತ್ತೆಯ ಹಟ. ಹಬ್ಬದವರೆಗೆ ಹಣ್ಣು ಉಳಿಯುವುದಿಲ್ಲವೆಂದು ಕಿವುಚಿ, ಬೆಲ್ಲ ಬೆರೆಸಿ, ಭರಣಿಗೆ ತುಂಬಿ, ಬಟ್ಟೆ ಕಟ್ಟಿ ದೇವರಮನೆಯ ಮೂಲೆಯಲ್ಲಿಟ್ಟರು. ನೈವೇದ್ಯಕ್ಕೆ ಮುಂಚೆ ಅದನ್ನು ಯಾರೂ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ.

ಕೆಲವು ದಿನಗಳಲ್ಲಿ ಭರಣಿಯೊಳಗಿಂದ ಗುಳುಗುಳು ಸದ್ದು ಬಂತು. ಅತ್ತೆ ನನ್ನನ್ನು ಕರೆದು ಕೇಳಿಸಿದರು. "ಒಪ್ಕೊಂಡಿದ್ದಾನೆ ಶಿವ" ಎಂದು ಕೈಮುಗಿದರು. ಸತ್ಯ ಹೇಳುತ್ತೇನೆ, ನನಗೂ ಮೈ ಜುಮ್ಮೆಂದಿತು. ನಾನೂ ಕೈಮುಗಿದೆ. ಪರದೇಶದವರು ಪೀಪಾಯಿಗಳನ್ನು ಕತ್ತಲಲ್ಲಿಟ್ಟು ಕಾಯುತ್ತಾರೆಂದು ಅದೇ ವಾರ ಪೇಪರಿನಲ್ಲಿ ಓದಿದ್ದೆ. ಆದರೂ ಹೊಳೆಯಲಿಲ್ಲ.

ಶಿವರಾತ್ರಿಯ ಸಂಜೆ ಭಾವ ಬಂದರು. ಬೆಳಗಿನಿಂದ ನೀರೂ ಮುಟ್ಟದ ಉಪವಾಸ. ಸೋಮವಾರ ಬುಲ್ಡೋಜರ್ ಬರುತ್ತದೆಂದು ಹೇಳಿದರು. ಪೂಜೆ ಮುಗಿಸಿ ಅತ್ತೆ ಎಲ್ಲರಿಗೂ ಒಂದೊಂದು ಉದ್ಧರಣೆ ಪ್ರಸಾದ ಹಾಕಿದರು. ಭಾವ ಕಣ್ಣುಮುಚ್ಚಿ ಕುಡಿದು ಮತ್ತೆ ಅಂಗೈ ಚಾಚಿದರು. ಮತ್ತೊಮ್ಮೆ ಚಾಚಿದರು. ಮಗನ ಭಕ್ತಿ ನೋಡಿ ಅತ್ತೆ ಲೋಟಕ್ಕೇ ಬಗ್ಗಿಸಿದರು.

ಸ್ವಲ್ಪ ಹೊತ್ತಿಗೆ ಭಾವ ಎದ್ದು ತೋಟಕ್ಕೆ ನಡೆದರು. ನಾವು ಹಿಂದೆ ಹೋದೆವು. ಅವರು ಚಪ್ಪರದ ಕಲ್ಲುಕಂಬವನ್ನು ತಬ್ಬಿ ಅಳುತ್ತಿದ್ದರು.

"ಪುಟ್ಟೀ, ನೀನು ನೆಟ್ಟಿದ್ದು ಕಣೇ ಇದು. ಶಿವನಾಣೆ, ನಾನಿರೋವರ್ಗೂ ಯಾರೂ ಮುಟ್ಟಲ್ಲ."

ಅವಳು ಹೋದ ಮೇಲೆ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ನಾನು ಇನ್ನೊಂದು ಕಂಬ ಹಿಡಿದುಕೊಂಡು ನಿಂತೆ.

ಬೆಳಿಗ್ಗೆ ಭಾವ ತಲೆ ಹಿಡಿದುಕೊಂಡು ಬಂದರು. ಉಪವಾಸದ ಸುಸ್ತಿನಲ್ಲಿ ಏನೋ ಅಂದುಬಿಟ್ಟೆ, ಸೋಮವಾರದ ಕೆಲಸ ನಿಲ್ಲಿಸುವುದಿಲ್ಲ ಎಂದರು. ಅತ್ತೆ ಭರಣಿ ತಂದು ಅವರ ಮುಂದಿಟ್ಟರು. ಶಿವನ ಪ್ರಸಾದ ಕುಡಿದು ಆಡಿದ ಮಾತು, ವಾಪಸು ತೆಗೆದುಕೊಳ್ಳುವುದಾದರೆ ಇದನ್ನೇ ಕುಡಿದು ಹೇಳು ಎಂದರು.

ನೈವೇದ್ಯವಾಗಿತ್ತಲ್ಲ, ಇನ್ನು ಮೂಸಲು ಅಡ್ಡಿಯಿರಲಿಲ್ಲ. ಭಾವ ಬಟ್ಟೆ ಸರಿಸಿ ಮೂಸಿದರು. ಭರಣಿಯನ್ನು ನೋಡಿದರು, ತಾಯಿಯನ್ನು ನೋಡಿದರು. ಆಮೇಲೆ ಭರಣಿಯನ್ನು ನನ್ನ ಮೂಗಿನ ಹತ್ತಿರ ತಂದರು. ನಿನ್ನೆಯ ಮಾತು ಯಾಕೆ ಬಂತೆಂದು ಅತ್ತೆಗೆ ಹೇಳಬೇಕಾದರೆ, ಶಿವನಿಗೆ ಏನು ನೈವೇದ್ಯವಾಯಿತೆಂದೂ ಹೇಳಬೇಕು. ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು: "ಮೇಷ್ಟ್ರೇ, ಬುಲ್ಡೋಜರ್ ಬೇಡ ಅಂತ ಹೇಳಿಬಿಡ್ತೀನಿ. ಅಮ್ಮನಿಗೆ ಮಾತ್ರ ಇದು ಗೊತ್ತಾಗೋದು ಬೇಡ."

ನಾನು ತಲೆಯಾಡಿಸಿದೆ. ಅತ್ತೆ ಅಷ್ಟರಲ್ಲಿ ಭರಣಿಗೆ ಭಕ್ತಿಯಿಂದ ಬಟ್ಟೆ ಕಟ್ಟುತ್ತಿದ್ದರು. "ಮುಂದಿನ ಶಿವರಾತ್ರಿಗೆ ಹಂಡೇಲೇ ಇಡ್ತೀನಿ" ಎಂದರು. "ಬೀದಿಯವರಿಗೆಲ್ಲ ಇಂಥ ಒಳ್ಳೇ ಬುದ್ಧಿ ಬರ್ಲಿ."