ತೊಕುಜಿ ನೀಲಿ

ತೊಕುಜಿಯ ಹನ್ನೊಂದು ವರ್ಷದ ತಪಸ್ಸು ಮಣ್ಣುಪಾಲಾದದ್ದು ಒಂದು ಒದ್ದೆ ಬಟ್ಟೆಯಿಂದ. ಜಪಾನಿನ ಯಾಮಾಗಾತಾದ ಬೆಟ್ಟದ ಊರಿನಲ್ಲಿ ಅಂಚೆ ಕೆಲಸದಿಂದ ನಿವೃತ್ತನಾದ ಈ ಪುಣ್ಯಾತ್ಮ ಕಾಕಿ ಹಣ್ಣಿನ ಮರದ ನೆರಳಲ್ಲಿ ಹೋಸ್ಟಾ ಎಂಬ ಅಲಂಕಾರದ ಎಲೆಗಿಡವೊಂದನ್ನು ಬೆಳೆಸಿದ್ದ. ಮೊರದಗಲದ ಎಲೆ, ಅಪ್ಪಟ ನೀಲಿ. ಹೋಸ್ಟಾ ಸಂಘದ ಇವಾಬುಚಿಯವರು ಇಂದು ಮಧ್ಯಾಹ್ನ ನೋಡಿ ಒಪ್ಪಿದರೆ ಆ ತಳಿಗೆ ‘ತೊಕುಜಿ ನೀಲಿ’ ಎಂದೇ ಹೆಸರು ದಾಖಲಾಗುತ್ತಿತ್ತು.

ಅತಿಥಿಗೆಂದು ಸಿಹಿ ತರಲು ಪೇಟೆಗೆ ಹೋಗಿ ಬಂದವನು ಗೇಟಿನಲ್ಲೇ ನಿಂತುಬಿಟ್ಟ. ಎಲೆಗಳೆಲ್ಲ ಹಸಿರಾಗಿದ್ದವು.

“ನಾನೇ ಒರೆಸ್ದೆ ಕಣಪ್ಪಾ,” ಎಂದಳು ಪಕ್ಕದ ಮನೆಯ ಹಾತ್ಸುಯೆ ಅಜ್ಜಿ, ಬಟ್ಟೆ ಹಿಂಡುತ್ತ. “ದೊಡ್ಡೋರು ಬರ್ತಾರೆ ಅಂತೀಯ, ಎಲೆ ಮೇಲೆ ನೋಡಿದ್ರೆ ಬೂದಿ ಬಳಿದಂಗೆ ಧೂಳು. ಒಂದೊಂದೇ ಹಿಡಿದು ಬಿಸಿನೀರಲ್ಲಿ ಒರೆಸಿ ನನ್ನ ಸೊಂಟ ಬಿದ್ದೋಯ್ತು.”

“ಅದು ಧೂಳಲ್ಲ ಅಜ್ಜಿ. ಅದೇ ನೀಲಿ.”

ದ್ರಾಕ್ಷಿಯ ಮೇಲಿರುವಂಥ ಆ ಪುಡಿ ಹೋದರೆ ನೀಲಿಯೂ ಹೋಯಿತು, ಮತ್ತೆ ಬರುವುದು ಮುಂದಿನ ವರ್ಷವೇ.

“ಒರೆಸಿದ್ರೆ ಹೋಗೋದು ಅದೆಂಥ ಬಣ್ಣವೋ,” ಎಂದಳು ಅಜ್ಜಿ.

ಆಗ ಅವನಿಗೆ ಜೀವ ಬಂದಂತಾಯಿತು. ಅದೇ ಗಿಡದ ಒಂದು ಬುಡವನ್ನು ಕೊಟ್ಟಿಗೆಯ ಹಿಂದೆ ಕುಂಡದಲ್ಲಿ ನೆಟ್ಟಿದ್ದ. ಅಲ್ಲಿ ಹಿಮ ಕರಗುವುದು ತಡವಾದ್ದರಿಂದ ಅದು ಈಗಷ್ಟೇ ಸುರುಳಿ ಬಿಚ್ಚುತ್ತಿತ್ತು. ಬಿದ್ದೆನೋ ಕೆಟ್ಟೆನೋ ಎಂದು ಓಡಿದ. ಕುಂಡದಲ್ಲಿ ಕುಡುಗೋಲಿನಿಂದ ಕೊಯ್ದ ಮೋಟುಗಳು ಮಾತ್ರ ಇದ್ದವು.

“ಅದಾ? ನೀನು ಹೋಸ್ಟಾ ಅನ್ನೋದು ನಮ್ಗೆ ಉರುಯಿ ಸೊಪ್ಪು. ಸುಮ್ನೆ ಬಲಿತು ಹೋಗ್ತಿತ್ತು, ಕೊಯ್ದು ಬೇಯಿಸ್ದೆ,” ಎನ್ನುತ್ತ ಅಜ್ಜಿ ಹಿಂದೆಯೇ ಬಂದಳು. “ವಸಂತದಲ್ಲಿ ಇದರ ಚಿಗುರು ತಿನ್ನದೆ ಬಿಡೋನು ಈ ಊರಲ್ಲಿ ನೀನೊಬ್ನೇ. ನಿನ್ನ ದೊಡ್ಡೋರು ಆಗ್ಲೇ ಬಂದವ್ರೆ. ಒಳಗೆ ಕೂರ್ಸಿ ಬಡಿಸಿದೀನಿ.”

ತೊಕುಜಿ ಮನೆಯತ್ತ ಓಡಿದ. ಒಳಗೆ ಇವಾಬುಚಿಯವರು ತಟ್ಟೆಯಲ್ಲಿ ಉಳಿದ ಮಿಸೊ ಗೊಜ್ಜನ್ನು ಬಳಿಯುತ್ತಿದ್ದರು.

“ಮುಂಚಿನ ಬಸ್ಸಿಗೇ ಬಂದೆ. ಹೊರಗಿನ ಗಿಡ ನೋಡಿದೆ. ಬರೀ ಹಸಿರು. ನೀಲಿ ಅಂತ ದಾಖಲಿಸೋಕೆ ಆಗಲ್ಲ, ಬೇಜಾರು ಮಾಡ್ಕೋಬೇಡಿ,” ಎಂದರು. “ಆದ್ರೆ ಈ ಸೊಪ್ಪು ಇದೆಯಲ್ಲ, ನಲವತ್ತು ವರ್ಷದಲ್ಲಿ ಇಂಥ ರುಚಿ ಕಂಡಿಲ್ಲ. ತಿನ್ನೋ ತಳಿಗಳ ಪಟ್ಟಿಗೆ ಈಗ್ಲೇ ಸೇರಿಸ್ಬಿಟ್ಟೆ.”

“ಹೆಸರು?” ಎಂದ ತೊಕುಜಿ, ಉಸಿರು ಬಿಗಿಹಿಡಿದು.

ಇವಾಬುಚಿಯವರು ಕಾಗದ ತಿರುಗಿಸಿ ತೋರಿಸಿದರು. ಕೆಂಪು ಮೊಹರೂ ಬಿದ್ದಾಗಿತ್ತು. ‘ಹಾತ್ಸುಯೆ ಹಸಿರು.’

ಅಜ್ಜಿ ನಾಚಿಕೊಂಡು ಅವನ ಮುಂದೆ ಒಂದು ಪುಟ್ಟ ಬಟ್ಟಲಿಟ್ಟಳು. “ನಿಂಗೇಂತ ಎತ್ತಿಟ್ಟಿದ್ದೆ, ತಿನ್ನಪ್ಪಾ.”

ತೊಕುಜಿ ಒಂದು ತುತ್ತು ಬಾಯಿಗಿಟ್ಟ. ಹಾಳಾದ್ದು, ನಿಜಕ್ಕೂ ರುಚಿಯಾಗಿತ್ತು.