ಮುಂದೆ ಹೋಗಿ ನಿಂತ ವಾಚು

ನಗುವುದಕ್ಕಾಗಲಿ ಜಗಳಕ್ಕಾಗಲಿ ನಮ್ಮ ಮನೆಗೆ ಹೊರಗಿನವರು ಯಾರೂ ಬರಬೇಕಿಲ್ಲ. ಯಜಮಾನರ ವಾಚು ಒಂದಿದ್ದರೆ ಸಾಕು.

ಷರತ್ತು

ತೊಂಬತ್ತರ ದಶಕ. ನಾವಿದ್ದದ್ದು ಸಿ.ವಿ. ರಾಮನ್ ನಗರದಲ್ಲಿ, ಇವರು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಲಿಂಗರಾಜಪುರದಲ್ಲಿದ್ದ ಇವರ ಸೋದರಮಾವ ತಮ್ಮ ಹಳೆಯ ಚಿನ್ನದ ಸ್ವಿಸ್ ವಾಚನ್ನು ಇವರಿಗೆ ಕೊಟ್ಟರು. ವಾರ, ತಾರೀಕು, ತಿಂಗಳು, ಚಂದ್ರ, ಎಲ್ಲ ಅದರಲ್ಲೇ. ಯಾವ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಎಂಬುದೂ ಒಳಗಿನ ಹಲ್ಲಿನ ಚಕ್ರಗಳಿಗೆ ಗೊತ್ತು.

“ಗೋಡೆ ಕ್ಯಾಲೆಂಡರ್ ತಪ್ಪಬಹುದು, ಇದು ತಪ್ಪಲ್ಲ. ಆದ್ರೆ ನಿಲ್ಲಿಸಿದ್ಯೋ, ವಾಪಸ್ ತಗೊಂಡು ನಿನ್ನ ತಮ್ಮನಿಗೆ ಕೊಟ್ಬಿಡ್ತೀನಿ” ಎಂದರು ಮಾವ.

ಕೈ ಆಡಿದರೆ ಮಾತ್ರ ಓಡುವ ವಾಚು. ಭಾನುವಾರ ಇವರು ಮಲಗಿದರೆ ಅದು ನನ್ನ ಕೈಗೆ. ಮಲಗಿದಲ್ಲಿಂದಲೇ ಇವರ ಅಪ್ಪಣೆ: “ಸುಮ್ನೆ ಯಾಕೆ ಕೂತಿದ್ದೀಯ? ಚಪಾತಿನಾದ್ರೂ ಲಟ್ಟಿಸು, ನಿಂತೋಗುತ್ತೆ!”

ತೊಟ್ಟಿಲು

ಇವರಿಗೆ ಕಾಮಾಲೆ ಬಂತು. ಹಾಸಿಗೆ ಬಿಟ್ಟು ಏಳಬಾರದು ಎಂದರು ಡಾಕ್ಟರು. ಪಕ್ಕದ ಬಾಡಿಗೆ ರೂಮಿನಲ್ಲಿ ರಾಯಚೂರು ಕಡೆಯ ಹೆಂಗಸಿನ ಮಗುವಿತ್ತು. ಅದರ ತೊಟ್ಟಿಲಿಗೆ ವಾಚು ಕಟ್ಟಿ ತೂಗತೊಡಗಿದೆ.

“ಅಕ್ಕೋರೆ, ಕೂಸು ಮಲಗ್ಯಾದ್ರಿ. ಇನ್ನೂ ಯಾಕ್ ತೂಗ್ತೀರಿ?”

“ನಿಮ್ಮ ಕೂಸು ಮಲಗಿದೆ ಕಣಮ್ಮ, ನಮ್ಮದು ಮಲಗಬಾರದು.”

ಪಿನ್ನು

ಏಪ್ರಿಲ್‌ನಲ್ಲಿ ಮಗು ನಡೆಯಲು ಕಲಿತು ತೊಟ್ಟಿಲು ಬಿಚ್ಚಿದರು. ಇವರು ಹಾಸಿಗೆ ಬಿಟ್ಟು ಏಳುವಷ್ಟರಲ್ಲಿ ವಾಚು ನಿಂತೇಹೋಗಿತ್ತು. ತಾರೀಕು ಎರಡು ದಿನ ಹಿಂದೆ. ವಾಚಿನ ಪಕ್ಕದಲ್ಲಿದ್ದ, ತಾರೀಕು ಮುಂದೆ ತಳ್ಳುವ ಪುಟ್ಟ ಗುಂಡಿಯನ್ನು ಇವರು ಕನ್ನಡಕವಿಲ್ಲದೆ ನನ್ನ ಹೇರ್‌ಪಿನ್ನಿನಿಂದ ಒತ್ತಿದರು, ಒತ್ತಿದರು, ಒತ್ತುತ್ತಲೇ ಹೋದರು. ಕನ್ನಡಕ ಹಾಕಿ ನೋಡಿದರೆ ಜೂನ್!

ಶಿವಾಜಿನಗರದ ವಾಚ್ ರಿಪೇರಿಯವರು ಅಡ್ಡಡ್ಡ ತಲೆಯಾಡಿಸಿದರು. “ಇದು ಹಿಂದಕ್ಕೆ ಬರಲ್ಲ ಸಾಬ್. ನಿಲ್ಲಿಸಿಡಿ. ಆ ತಾರೀಕು ಬಂದಾಗ ಓಡಿಸಿ.”

“ಅಲ್ಲೀವರೆಗೂ ನಾವು ಕಾಯ್ಬೇಕಾ?” ಎಂದೆ.

“ನೀವೆಲ್ಲಿ ಕಾಯ್ತೀರಮ್ಮ? ಅದು ಮುಂದೆ ಹೋಗಿ ನಿಮಗೆ ಕಾಯ್ತಾ ಇದೆ.”

ಲಗ್ನಪತ್ರಿಕೆ

ಮರುವಾರವೇ ಗೇಟಿನಲ್ಲಿ ಮಾವನ ದನಿ. ಮೇ ತಿಂಗಳಲ್ಲಿ ಅವರ ಮೊಮ್ಮಗಳ ಮದುವೆ, ಕರೆಯಲು ಬಂದಿದ್ದರು. ಇವರು ವಾಚು ಕಟ್ಟಿಕೊಂಡು, ಮುಳ್ಳು ತಿರುಗಿಸಿ, ಕೈ ಗಡಗಡ ಅಲ್ಲಾಡಿಸಿ ಅದನ್ನು ಓಡಿಸಿಯೇಬಿಟ್ಟರು.

ಮಾವ ಕಿವಿಗಿಟ್ಟು ಕೇಳಿದರು. ಟಿಕ್ ಟಿಕ್. ಮುಖ ಅರಳಿತು. ಆಮೇಲೆ ಕನ್ನಡಕ ಏರಿಸಿ ತಾರೀಕು ನೋಡಿದರು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ಮತ್ತೆ ವಾಚು ನೋಡಿದರು.

“ಅಯ್ಯೋ! ಮೊಮ್ಮಗಳ ಮದುವೆ ಮುಗಿದೇ ಹೋಯ್ತಲ್ಲೋ! ಮನೇಲಿ ಒಬ್ರೂ ನಂಗೆ ಹೇಳ್ಲಿಲ್ವಲ್ಲ!”

ಕಾಫಿಯನ್ನೂ ಕುಡಿಯದೆ, ಲಗ್ನಪತ್ರಿಕೆಗಳ ಚೀಲ ಎತ್ತಿಕೊಂಡು ಓಡಿದರು. ಗೇಟಿನ ಹತ್ತಿರ ತಿರುಗಿ ನಿಂತು, “ನೀವಾದ್ರೂ ಹೋಗಿದ್ರಾ?” ಎಂದರು.

ಇವರು ವಾಚಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೇಳಿದರು: “ಹೋಗಿದ್ವಿ ಮಾವ. ಊಟ ತುಂಬಾ ಚೆನ್ನಾಗಿತ್ತು.”