ವೆಲ್ಲೂರಿಗೆ ಹೋಗಿ ಹಾಡಿ ಬಂದದ್ದು

ಬೇರೆಯವರು ಪರಸ್ಥಳಕ್ಕೆ ಹೋದರೆ ಹೋಗಿ ಬರುತ್ತಾರೆ, ಅಷ್ಟೇ. ನಾವು ಮೂವರು ಹೊರಟರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಮೈಲಾಪೂರಿನ ಮಾರ್ಕೆಟ್ಟಿಗೆ ಅರ್ಧ ಡಜನ್ ನಿಂಬೆಹಣ್ಣು ತರಲು ಹೋಗಿ, ಯಾರದೋ ಗೃಹಪ್ರವೇಶದಲ್ಲಿ ಊಟ ಮಾಡಿಕೊಂಡು ಬಂದವರು ನಾವು. ಇನ್ನು ವೆಲ್ಲೂರಿನ ತನಕ ನಾವೇ ವ್ಯಾನು ಓಡಿಸಿಕೊಂಡು ಹೋದರೆ ಕೇಳಬೇಕೆ?

ಮೂವರೂ ಚೆನ್ನೈನ ಒಂದು ವಿಮಾ ಕಚೇರಿಯಲ್ಲಿ ಒಂದೇ ಸೆಕ್ಷನ್ನು. ನಾನು ಮೈಸೂರಿನ ಕಡೆಯವಳು. ಇನ್ನೊಬ್ಬರು ನಮಗಿಂತ ಹಿರಿಯರು, ಧಾರವಾಡದವರು. ಧಾರವಾಡದಕ್ಕ ಎಂದೇ ಕರೆಯುತ್ತಿದ್ದೆವು. ಮೂರನೆಯವಳು ವಡಪಳನಿಯಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡದಲ್ಲಿ ಕಾಲುಭಾಗ ತಮಿಳು. ನಾಲ್ಕನೆಯವಳೊಬ್ಬಳಿದ್ದಳು, ನಮ್ಮ ಹಾಡುಗಾರ್ತಿ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಹತ್ತು ನಿಮಿಷ ದೇವರನಾಮ ಹೇಳಿಕೊಡುತ್ತಿದ್ದಳು. ಅವಳಿಗೆ ವೆಲ್ಲೂರಿಗೆ ವರ್ಗವಾಯಿತು. ಎರಡು ವರ್ಷದ ಮೇಲೆ, ಅವಳ ಕುತ್ತಿಗೆಯಲ್ಲಿ ಗಡ್ಡೆ ಎದ್ದು ಆಪರೇಷನ್ ಆಯಿತೆಂದು ಸುದ್ದಿ ಬಂತು. ಫೋನ್ ಮಾಡಿದೆ. ಎತ್ತಿದವರು ಅವಳ ಗಂಡ, ಲೆಕ್ಕದ ಮೇಷ್ಟ್ರು.

"ಮಾತಾಡ್ತಾಳಾ?" ಎಂದೆ.

"ಇಲ್ಲ."

"ಹಾಡೋದು?"

"ಇಲ್ಲ."

ಮುಂದೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಆ ದಿನ ಮೂವರ ಡಬ್ಬಿಯೂ ತೆರೆಯದೆ ಹಾಗೇ ಮನೆಗೆ ಹೋಯಿತು. ಮಾರನೆಯ ವಾರ ಅವಳನ್ನು ನೋಡಲು ಹೊರಟೆವು.

ಮುಂದಕ್ಕೆ ಮಾತ್ರ

ವ್ಯಾನು ವಡಪಳನಿಯವಳ ಮೈದುನನದು. ಓಡಿಸುವವಳು ಅವಳೇ. ಲೈಸೆನ್ಸ್ ಬಂದು ಒಂದು ತಿಂಗಳಾಗಿತ್ತು. ಆಗ ಹೆದ್ದಾರಿ ಅಗಲ ಮಾಡುತ್ತಿದ್ದರು. ಒಂದು ಕಡೆ ಮಣ್ಣಿನ ಗುಡ್ಡೆ, ಇನ್ನೊಂದು ಕಡೆ ಲಾರಿ. ಪೂನಮಲ್ಲಿ ದಾಟುವವರೆಗೂ ಧಾರವಾಡದಕ್ಕ ಕಣ್ಣು ಬಿಡಲಿಲ್ಲ.

"ಬಯಪಡಬೇಡಿ ಅಕ್ಕ, ಮೆದುವಾಗೇ ಓಟ್ತೀನಿ" ಎಂದಳು ಇವಳು.

"ನೀ ಮೆತ್ತಗ ಹೊಡೀತಿ, ಖರೆ. ಎದುರಿನ ಲಾರಿಯಂವಗ ಯಾರು ಹೇಳಬೇಕವಾ?"

ಶ್ರೀಪೆರಂಬೂದೂರಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಕಾಫಿ ಅಂಗಡಿಯ ಗೋಡೆಗೆ ಎದುರಾಗಿ, ಮುಂದೆ ಒಂದಾಳು ನಿಲ್ಲುವಷ್ಟೇ ಜಾಗ ಬಿಟ್ಟು ವ್ಯಾನು ನಿಲ್ಲಿಸಿದ್ದಳು. ಕುಡಿದು ಬಂದು ನೋಡಿದರೆ ಎಡಬಲದಲ್ಲಿ ಒಂದೊಂದು ಲಾರಿ. ಹಿಂದಕ್ಕೆ ಹೋಗುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಇವಳು ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಳು.

"ರಿವರ್ಸ್ ನನಗೆ ಸರಿಯಾಗಿ ಬರಲ್ಲ ಅಕ್ಕ."

"ಮತ್ತ ಲೈಸೆನ್ಸ್ ಹೆಂಗ ಕೊಟ್ರು?"

"ಅವತ್ತೊಂದು ದಿನ ಬಂತು."

ನಾನೂ ಧಾರವಾಡದಕ್ಕನೂ ಇಳಿದು ಮುಂದಿನಿಂದ ತಳ್ಳತೊಡಗಿದೆವು. ಟೀ ಕುಡಿಯುತ್ತಿದ್ದ ಲಾರಿ ಡ್ರೈವರ್ ಒಬ್ಬ ಅಯ್ಯೋ ಅನ್ನಿಸಿ ಲೋಟ ಕೆಳಗಿಟ್ಟು ಬಂದು ಕೈ ಹಚ್ಚಿದ. ಎರಡು ಹೆಜ್ಜೆ ತಳ್ಳಿದ ಮೇಲೆ ಅವನಿಗೆ ಅನುಮಾನ ಬಂತು. "ಎಂಜಿನ್ ಓಡ್ತಾ ಇದೆಯಲ್ಲಮ್ಮ" ಎಂದು ತಮಿಳಿನಲ್ಲಿ ಕೇಳಿದ.

ವಡಪಳನಿಯವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಮಾಧಾನವಾಗಿ, "ಅದು ಮುಂದಕ್ಕೆ ಹೋಗೋದಕ್ಕೆ, ಅಣ್ಣ" ಎಂದಳು.

ಮದುವೆ ಗಾಡಿ

ಗೆಳತಿಗೆ ಕೊಡಲೆಂದು ಒಂದು ಕ್ಯಾಸೆಟ್ ಮಾಡಿದ್ದೆವು. ಊಟದ ಹೊತ್ತಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅವಳು ಕಲಿಸಿದ ಆರು ಹಾಡು ಹಾಡಿದ್ದೆವು. ದಾರಿಯಲ್ಲಿ ಕೇಳೋಣವೆಂದು ವ್ಯಾನಿನ ಟೇಪಿಗೆ ಹಾಕಿದೆ. ಮೂರನೆಯ ಹಾಡು ಮುಗಿಯಿತು. ಅಲ್ಲಿ ರೆಕಾರ್ಡರ್ ನಿಲ್ಲಿಸಲು ಮರೆತಿದ್ದೆವೆಂದು ಕಾಣುತ್ತದೆ. ಇದ್ದಕ್ಕಿದ್ದಂತೆ ನನ್ನದೇ ದನಿ: "ಗಡ್ಡೆ ಅಂದ್ರೆ ಅದೇ ಇರಬೇಕು ಕಣ್ರೀ." ಆಮೇಲೆ ಧಾರವಾಡದಕ್ಕ ಮೂಗು ಸೀಟುವ ಸದ್ದು. ಆಮೇಲೆ ವಡಪಳನಿಯವಳು: "ಇನ್ನು ಅವರ ಹಾಡು ನಾವು ಕೇಳಲ್ವಾ ಅಕ್ಕ?"

ಇದನ್ನು ನಾವು ಅವಳ ಕೈಗೇ ಕೊಡುವವರಿದ್ದೆವು.

ಗಾಬರಿಯಲ್ಲಿ ಗುಂಡಿ ಒತ್ತಿದೆ, ಕ್ಯಾಸೆಟ್ ಬರಲಿಲ್ಲ. ಜೋರಾಗಿ ಎಳೆದೆ. ಕ್ಯಾಸೆಟ್ ಬಂತು, ರೀಲು ಒಳಗೇ ಸಿಕ್ಕಿಕೊಂಡಿತು. ಎಳೆದೆಳೆದು ಮಡಿಲಲ್ಲಿ ಗುಡ್ಡೆ ಹಾಕಿದೆ. ಕಿಟಕಿ ತೆರೆದಿತ್ತು. ಗಾಳಿಗೆ ರೀಲು ಹೊರಗೆ ಹಾರಿ ಕನ್ನಡಿಗೆ, ಬಾಗಿಲಿನ ಹಿಡಿಕೆಗೆ ಸುತ್ತಿಕೊಂಡು, ಉಳಿದದ್ದು ವ್ಯಾನಿನ ಹಿಂದೆ ಮಿರಮಿರ ಮಿಂಚುತ್ತಾ ಬರತೊಡಗಿತು.

ವಾಲಾಜಾಪೇಟೆ ಹತ್ತಿರ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ರೀಲಿನ ಅಲಂಕಾರ ನೋಡಿದರು, ನಾವು ಉಟ್ಟಿದ್ದ ರೇಷ್ಮೆ ಸೀರೆ ನೋಡಿದರು, "ಮದುವೆ ಗಾಡಿಯಾ?" ಎಂದರು. ಬ್ರೇಕ್ ಹಾಕಿದ ಗಾಬರಿಯಲ್ಲಿದ್ದ ನಮ್ಮ ಡ್ರೈವರಮ್ಮ ಹೌದು ಎಂದುಬಿಟ್ಟಳು.

"ಹೆಣ್ಣೆಲ್ಲಿ?" ಎಂದು ಅವರು ಬಗ್ಗಿ ಒಳಗೆ ನೋಡಿದರು.

ಐವತ್ತೈದು ದಾಟಿದ ಧಾರವಾಡದಕ್ಕ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದರು.

ಪಾಟಿ

ಮನೆ ಸಿಕ್ಕಿತು. ಬಾಗಿಲು ತೆರೆದವಳು ಅವಳೇ. ಕುತ್ತಿಗೆಗೆ ಬಿಳಿ ಪಟ್ಟಿ. ನಮ್ಮನ್ನು ನೋಡಿ ಬಾಯಿ ತೆರೆದಳು, ಮುಚ್ಚಿದಳು, ಕೈ ಮುಗಿದಳು. ನನಗೆ ತಡೆಯಲಾಗಲಿಲ್ಲ, ಚಪ್ಪಲಿ ಬಿಡುವ ಮೊದಲೇ ಅತ್ತುಬಿಟ್ಟೆ. ಅವಳು ಹಣೆ ಚಚ್ಚಿಕೊಂಡು ಗಂಡನ ಕಡೆ ಕೈ ತೋರಿಸಿದಳು.

"ಸೋಮವಾರದವರೆಗೆ ಮಾತಾಡಬಾರದು ಅಂದಿದಾರೆ ಡಾಕ್ಟರು" ಎಂದರು ಮೇಷ್ಟ್ರು.

"ಸೋಮವಾರದ ಮೇಲೆ?"

"ಮಾತಾಡಬಹುದು."

"ಹಾಡೋದು?"

"ಒಂದೆರಡು ತಿಂಗಳಾದ ಮೇಲೆ ಹಾಡಬಹುದು."

"ಗಡ್ಡೆಯ ರಿಪೋರ್ಟು?"

"ಬಂತಲ್ಲ, ಆವಾಗಲೇ. ಸಾದಾ ಗಡ್ಡೆ. ಏನೂ ಇಲ್ಲ."

"ಫೋನಿನಲ್ಲೇ ಇದನ್ನ ಹೇಳಬಾರದಿತ್ತಾ ಮೇಷ್ಟ್ರೇ?"

"ನೀವು ಕೇಳಲಿಲ್ಲ."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಮೂವರೂ ಸೇರಿ ಒಂದು ದೊಡ್ಡ ಚೊಂಬು ನೀರು ಖಾಲಿ ಮಾಡಿದೆವು. ಧಾರವಾಡದಕ್ಕ ಅವಳ ಗಲ್ಲ ಸವರಿ ಸವರಿ ನೋಡಿದರು.

ಅವಳಿಗೆ ಹೇಳುವುದು ಬೇಕಾದಷ್ಟಿತ್ತು. ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿನ ಮೇಲೆ ಬರೆಯುತ್ತಿದ್ದಳು. ಕಳೆದ ತಿಂಗಳುಗಳೆಲ್ಲ ಮುಗಿದು, ಬರುವ ತಿಂಗಳಿಗೆ ಕೈ ಹಾಕಿದಾಗ ಧಾರವಾಡದಕ್ಕ, "ಸರ, ಒಂದು ಪಾಟಿ ತರ್ರಿ" ಎಂದರು. ಅವರ ಕಡೆ ಪಾಟಿ ಎಂದರೆ ಬರೆಯುವ ಸ್ಲೇಟು. ಮೇಷ್ಟ್ರು ಇಪ್ಪತ್ತು ವರ್ಷದಿಂದ ತಮಿಳರ ನಡುವೆ ಇದ್ದವರು. ತಮಿಳಿನಲ್ಲಿ ಪಾಟಿ ಎಂದರೆ ಅಜ್ಜಿ. ಅವರು ಏನೂ ಕೇಳದೆ ಚಪ್ಪಲಿ ಮೆಟ್ಟಿ ಮಹಡಿ ಹತ್ತಿದರು. ಸ್ವಲ್ಪ ಹೊತ್ತಿಗೆ ಮನೆ ಮಾಲೀಕರ ಎಂಬತ್ತರ ತಾಯಿಯನ್ನು ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದು, ಧಾರವಾಡದಕ್ಕನ ಎದುರಿಗೆ ಕೂರಿಸಿ, "ಇವರೇ ಕೇಳಿದ್ದು" ಎಂದರು. ಅಜ್ಜಿಯೂ ಅಕ್ಕನೂ ಒಬ್ಬರಿಗೊಬ್ಬರು ಗೌರವದಿಂದ ನಮಸ್ಕಾರ ಮಾಡಿದರು.

ವಿಷಯ ತಿಳಿದ ಮೇಲೆ ಅಜ್ಜಿ ಕಟ್ಟಿಸಿಕೊಂಡ ಹಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಕ್ಕರು. ಆಮೇಲೆ ಮತ್ತೆ ಮಹಡಿ ಹತ್ತಿ, ಮೊಮ್ಮಗಳ ಸ್ಲೇಟು ಹುಡುಕಿ ತಂದರು. ಅಂತೂ ಪಾಟಿ ತಂದದ್ದು ಪಾಟಿಯೇ.

ಗಟ್ಟಿಯಾಗಿ ಓದುವುದು

ಕ್ಯಾಸೆಟ್ ಹೋದ ಮೇಲೆ ಎದುರಿಗೇ ಹಾಡದೆ ವಿಧಿಯಿರಲಿಲ್ಲ. ಹಾಡಿದೆವು. ಅವಳು ಕಣ್ಣು ಮುಚ್ಚಿ ಕೇಳಿದಳು, ತೊಡೆಯ ಮೇಲೆ ತಾಳ ಹಾಕಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಕಣ್ಣಂಚು ಒದ್ದೆಯಾಗಿತ್ತು. ಹಾಡು ಮುಗಿದಾಗ ಸ್ಲೇಟು ತೆಗೆದುಕೊಂಡು ಬರೆದಳು. ಅವಳ ಅಕ್ಷರ ಓದಬಲ್ಲವರು ಜಗತ್ತಿನಲ್ಲಿ ಮೇಷ್ಟ್ರೊಬ್ಬರೇ. ಅವರು ಕನ್ನಡಕ ಹಾಕಿಕೊಂಡು, ಕ್ಲಾಸಿನಲ್ಲಿ ಹಾಜರಿ ಕರೆಯುವ ದನಿಯಲ್ಲಿ ಓದಿದರು:

"ಮೈಸೂರು, ಶ್ರುತಿ ಸೇರಿಲ್ಲ. ಧಾರವಾಡ, ತಾಳ ಓಡ್ತಾ ಇದೆ, ರೈಲು ಹಿಡಿಯೋದಿದೆಯಾ? ವಡಪಳನಿ ಪರವಾಗಿಲ್ಲ, ಯಾಕಂದರೆ ಅವಳ ದನಿ ಕೇಳಿಸಲೇ ಇಲ್ಲ."

ಸ್ಲೇಟು ಒರೆಸಿ ಮತ್ತೆ ಬರೆದಳು. ಅಷ್ಟರಲ್ಲಿ ಉಪ್ಪಿಟ್ಟು ತಟ್ಟೆಯಲ್ಲಿ ಬಂದು ಕೂತಿತ್ತು. ಮೇಷ್ಟ್ರು ಅದನ್ನೂ ಓದಿದರು: "ಉಪ್ಪಿಟ್ಟು ತಿನ್ನಬೇಡಿ. ಇವರು ಮಾಡಿದ್ದು. ಗಂಟು ಗಂಟಾಗಿದೆ. ಬೇಜಾರು ಮಾಡಿಕೊಳ್ತಾರೆ, ಹೇಳಬೇಡಿ."

ಓದಿ ಮುಗಿಸಿ ಒಂದು ನಿಮಿಷ ಸ್ಲೇಟನ್ನೇ ನೋಡಿದರು. ಆಮೇಲೆ ಕನ್ನಡಕ ತೆಗೆದು, "ಹೇಳಲ್ಲ" ಎಂದರು.

ದೊಡ್ಡ ಸಾಹೇಬರು

ನಾವು ಹೋದದ್ದು ಶುಕ್ರವಾರ. ಮೂವರೂ ರಜೆ ಚೀಟಿ ಬರೆದುಕೊಟ್ಟಿದ್ದೆವು: ನನಗೆ ಜ್ವರ, ಧಾರವಾಡದಕ್ಕನಿಗೆ ಹೊಟ್ಟೆನೋವು, ವಡಪಳನಿಯವಳಿಗೆ ಹಲ್ಲುನೋವು. ಸೋಮವಾರ ಮಧ್ಯಾಹ್ನ ನನ್ನ ಮೇಜಿನ ಫೋನ್ ರಿಂಗಾಯಿತು. ಎತ್ತಿದೆ. ಮರಳಿನ ಮೇಲೆ ಪೆಟ್ಟಿಗೆ ಎಳೆದಂಥ ಗಂಡಸಿನ ದನಿ. ಇಂಗ್ಲಿಷಿನಲ್ಲಿ, "ಶುಕ್ರವಾರ ನಿಮ್ಮ ಸೆಕ್ಷನ್ನಿನಲ್ಲಿ ಯಾರೂ ಇರಲಿಲ್ಲವಂತೆ" ಎಂದಿತು.

ಹಿಂದಿನ ವಾರವಷ್ಟೇ ನಮಗೆ ಹೊಸ ದೊಡ್ಡ ಸಾಹೇಬರು ಬಂದಿದ್ದರು. ಅವರ ದನಿ ಯಾರೂ ಕೇಳಿರಲಿಲ್ಲ, ಸಿಟ್ಟಿನ ಸುದ್ದಿ ಮಾತ್ರ ಕೇಳಿದ್ದೆವು. ನಾನು ಕುರ್ಚಿಯಿಂದ ಎದ್ದು ನಿಂತೆ.

"ಜ್ವರ ಇತ್ತು ಸರ್."

"ಮೂವರಿಗೂ?"

ನನಗೆ ಸುಳ್ಳನ್ನು ಎರಡು ವಾಕ್ಯಕ್ಕಿಂತ ಮುಂದೆ ಎಳೆಯಲು ಬರುವುದಿಲ್ಲ. "ಇಲ್ಲ ಸರ್. ಜ್ವರ ಇರಲಿಲ್ಲ. ಇವರ ಹೊಟ್ಟೆಯೂ ನೋಯ್ತಿರಲಿಲ್ಲ. ಹಲ್ಲೂ ಚೆನ್ನಾಗಿತ್ತು ಸರ್" ಎಂದೆ. ಧಾರವಾಡದಕ್ಕ ಎದುರಿನ ಮೇಜಿನಿಂದ ಬೇಡ ಬೇಡ ಎಂದು ಎರಡೂ ಕೈ ಆಡಿಸುತ್ತಿದ್ದರು. ನಾನು ನಿಲ್ಲಿಸಲಿಲ್ಲ. "ವೆಲ್ಲೂರಲ್ಲಿ ನಮ್ಮ ಗೆಳತಿಗೆ ಆಪರೇಷನ್ ಆಗಿತ್ತು ಸರ್. ನೋಡೋಕೆ ಹೋಗಿದ್ವಿ."

"ಒಳ್ಳೆಯವರೋ ಆ ಗೆಳತಿ?"

"ತುಂಬ ಒಳ್ಳೆಯವಳು ಸರ್. ಸ್ವಲ್ಪ ಜಂಭ, ಅಷ್ಟೇ."

ಅದೇ ಒಡಕು ದನಿ, ಈ ಸಲ ಅಚ್ಚ ಕನ್ನಡದಲ್ಲಿ, "ಎದ್ದು ನಿಂತ್ಕೊಂಡೇ ಮಾತಾಡ್ತಿದೀಯಲ್ವಾ? ಕೂತ್ಕೊ. ನಾನು ಕಣೆ" ಎಂದಿತು.

ಆ ದನಿ ಎಷ್ಟೇ ಒಡೆದಿರಲಿ, "ಕಣೆ" ಎನ್ನುವ ರೀತಿ ಅವಳದೇ. ನನ್ನ ಕಣ್ಣಲ್ಲಿ ನೀರು ಬಂತು. ಏನೇನೋ ಹೇಳಬೇಕೆಂದಿದ್ದೆ.

"ಥ್ಯಾಂಕ್ಯೂ ಸರ್" ಎಂದು ಕೂತೆ.